ಏರಿಯ ಮೇಲೆ ಬೆಂಚು, ಕೋಡಿಗೆ ಕಲ್ಲು

ಹೂಮಳೆಯ ಲೆಕ್ಕ, ಗೊಬ್ಬರದ ಸರಬರಾಜು, ಮೈಲುತುತ್ತದ ಧಾರಣೆ, ಕೊಳೆರೋಗದ ಔಷಧಿ ಇವುಗಳಿಗೆ ಮೀಸಲಾದ ಈ ಪುಟದಲ್ಲಿ ಕೆರೆಯ ಏರಿಯನ್ನು ಕುರಿತು ಬರೆಯಹೊರಟಿರುವುದು ಸದಸ್ಯ ಬಾಂಧವರಿಗೆ ಕೊಂಚ ವಿಚಿತ್ರವಾಗಿ ಕಂಡೀತು. ಆದರೆ ನಮ್ಮ ಸಂಘದ ವ್ಯಾಪ್ತಿಯಲ್ಲಿ ಕೆರೆಯಿಲ್ಲದ ತೋಟ ಈಗ ಅಪರೂಪ. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಯಿಸಬೇಕು, ಅಡಿಕೆಗೆ ಬೇಸಗೆಯುದ್ದಕ್ಕೂ ನೀರು ಬೇಕು. ಹೀಗಾಗಿ ಕಣಿವೆಯ ತಲೆಯಲ್ಲಿ ಒಂದು ಏರಿ ಕಟ್ಟಿ ಹಳ್ಳದ ನೀರನ್ನು ನಿಲ್ಲಿಸಿಕೊಳ್ಳದವರು ಕಡಿಮೆ. ಈಚಿನ ವರ್ಷಗಳಲ್ಲಿ ಈ ಕೆರೆಗಳಲ್ಲಿ ಕೆಲವು ವಿಹಾರದ ಕೆರೆಗಳೂ ಆಗಿವೆ. ಹೋಂಸ್ಟೇ ಮಾಡಿದವರು ಪೆಡಲ್ ದೋಣಿ ತಂದು ಬಿಟ್ಟಿದ್ದಾರೆ, ಏರಿಯ ಮೇಲೆ ಬೆಂಚು ಹಾಕಿಸಿದ್ದಾರೆ, ದೀಪದ ಕಂಬ ನೆಟ್ಟಿದ್ದಾರೆ. ಅತಿಥಿಗಳಿಗೆ ಸಂತೋಷವಾಗುತ್ತದೆ, ಬೆಳೆಗಾರನಿಗೆ ನಾಲ್ಕು ಕಾಸು ಸಿಗುತ್ತದೆ. ಇದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಏರಿ ಎಂಬುದು ಅಣೆಕಟ್ಟೆ ಎಂಬ ತಿಳುವಳಿಕೆ ಈ ಅಲಂಕಾರದ ಅಡಿಯಲ್ಲಿ ಮರೆಯಾಗುತ್ತಿದೆ ಎಂಬುದಷ್ಟೇ ನಮ್ಮ ಚಿಂತೆ.

ಕಾಫಿ ಮಂಡಳಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ನಾವು ಉಳಿದುಕೊಳ್ಳುವುದು ಪುಲಿಕೇಶಿನಗರದ ಬಂಧುಗಳ ಮನೆಯಲ್ಲಿ. ಹಳಬರ ಬಾಯಲ್ಲಿ ಅದು ಇಂದಿಗೂ ಫ್ರೇಜರ್ ಟೌನ್. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಹಲಸೂರು ಕೆರೆ. ಕೆಂಪೇಗೌಡರ ವಂಶದವರು ಕಟ್ಟಿಸಿದ್ದೆಂದು ಹೇಳುವ ಈ ಕೆರೆಗೆ ಕಮಿಷನರ್ ಬೌರಿಂಗ್ ಅವರ ಹೆಸರೂ ಅಂಟಿಕೊಂಡಿದೆ. ಸುಮಾರು 123 ಎಕರೆ ವಿಸ್ತಾರ, ನಡುವೆ ಪುಟ್ಟ ನಡುಗಡ್ಡೆಗಳು, ಒಂದು ದಿಕ್ಕಿಗೆ ಮದ್ರಾಸ್ ಸ್ಯಾಪರ್ಸ್ ಸೈನಿಕ ಕೇಂದ್ರ, ಇನ್ನೊಂದು ದಿಕ್ಕಿಗೆ ಗುರುದ್ವಾರ. ದೋಣಿವಿಹಾರಕ್ಕೆ ಹಿಂದಿನಿಂದಲೂ ಹೆಸರಾದ ಜಾಗ. ಬೆಳಗಿನ ಹೊತ್ತು ಅಲ್ಲಿ ನಡೆಯಲು ಬರುವ ಐದಾರು ಮಂದಿಯನ್ನು ಕಳೆದ ಸಲ ನಾವು ಒಂದೇ ಪ್ರಶ್ನೆ ಕೇಳಿದೆವು: ಈ ಕೆರೆಯ ಏರಿ ಯಾವುದು, ಕೋಡಿ ಎಲ್ಲಿ? ಒಬ್ಬರು ಉದ್ಯಾನವನ್ನು ತೋರಿಸಿದರು. ಇನ್ನೊಬ್ಬರು, "ಕೋಡಿ ಅಂದರೆ?" ಎಂದರು. ಸೈನ್ಯದಿಂದ ನಿವೃತ್ತರಾದ ಒಬ್ಬ ಹಿರಿಯರು ಮಾತ್ರ ನೀರು ಹೊರಬೀಳುವ ದಿಕ್ಕಿಗೆ ಕೈ ಮಾಡಿ, "ಅದನ್ನ ಯಾರೂ ಕೇಳೋದಿಲ್ಲ ಸ್ವಾಮಿ, ಎಲ್ಲರೂ ಬಾತುಕೋಳಿ ಎಲ್ಲಿ ಅಂತ ಕೇಳ್ತಾರೆ" ಎಂದು ನಕ್ಕರು.

ಹಲಸೂರು ಕೆರೆಯ ಏರಿ ಅಪಾಯದಲ್ಲಿದೆ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ನಾವು ಎಂಜಿನಿಯರರೂ ಅಲ್ಲ. ನಮಗೆ ಕಂಡದ್ದು ಬೇರೆ. 2016ರ ಮಾರ್ಚ್‌ನಲ್ಲಿ ಆ ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಇಡೀ ನಗರ ಮಾತನಾಡಿತು. ಚರಂಡಿ ನೀರು, ಕೆಟ್ಟ ವಾಸನೆ, ಕಳೆ, ಹೂಳು ಎಲ್ಲ ಚರ್ಚೆಗೆ ಬಂದವು, ಬರಬೇಕಾದ್ದೇ. ಆದರೆ ಈ ಕೆರೆ ಒಂದು ಸರಪಳಿಯ ಕೊಂಡಿ. ದಂಡು ಪ್ರದೇಶದ ಬಡಾವಣೆಗಳ ಮಳೆನೀರು ಇದಕ್ಕೆ ಇಳಿಯುತ್ತದೆ. ಇದರ ಹೆಚ್ಚುವರಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹಿಂದಿನವರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ತಲೆಗೆ ಸೇರುವಂತೆ ಕಟ್ಟಿದ್ದು ಇದಕ್ಕಾಗಿಯೇ. ಆ ದಾರಿಯ ಮೇಲೆ ಮನೆಗಳೆದ್ದರೆ ಏನಾಗುತ್ತದೆಂಬುದನ್ನು 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರ ಕಡೆಯ ಜನ ಟ್ರ್ಯಾಕ್ಟರುಗಳಲ್ಲಿ ಕೂತು ಮನೆಯಿಂದ ಹೊರಬಂದಾಗ ನಾವೆಲ್ಲ ನೋಡಿದೆವು. ಮೀನು ಸತ್ತರೆ ನಾರುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಕೋಡಿ ಮುಚ್ಚಿಹೋದರೆ ದೊಡ್ಡ ಮಳೆ ಬರುವ ತನಕ ಯಾರ ಮೂಗಿಗೂ ಬಡಿಯುವುದಿಲ್ಲ.

ಏರಿ ಒಡೆದ ನಿದರ್ಶನಗಳಿಗೂ ಬೆಂಗಳೂರನ್ನು ಬಿಟ್ಟು ಹೋಗಬೇಕಾಗಿಲ್ಲ. 2019 ಒಂದೇ ವರ್ಷದಲ್ಲಿ ಮೂರು. ಅಕ್ಟೋಬರ್‌ನಲ್ಲಿ ದೊಡ್ಡಬಿದರಕಲ್ಲು ಕೆರೆ, ನವೆಂಬರ್‌ನಲ್ಲಿ ಹೊಸಕೆರೆಹಳ್ಳಿ ಕೆರೆ, ಅದೇ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆ. ಹೊಸಕೆರೆಹಳ್ಳಿಯಲ್ಲಿ ಕೆರೆಯ ಅಭಿವೃದ್ಧಿ ಕಾಮಗಾರಿ ನಡೆಯುತ್ತಿದ್ದಾಗಲೇ ದಂಡೆ ಹೋಯಿತು. ಹುಳಿಮಾವಿನಲ್ಲಿ ಏರಿಯ ಬಳಿ ಯಂತ್ರದಿಂದ ಅಗೆದದ್ದೇ ಕಾರಣವೆಂದು ಅಂದಿನ ಪತ್ರಿಕೆಗಳೆಲ್ಲ ವರದಿ ಮಾಡಿದವು. ಮಧ್ಯಾಹ್ನ ಊಟದ ಹೊತ್ತಿನಲ್ಲಿದ್ದ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಬೆಳೆಗಾರರು ಇದರಲ್ಲಿ ಗಮನಿಸಬೇಕಾದದ್ದು ತಿಂಗಳುಗಳನ್ನು. ಮೂರೂ ಒಡೆದದ್ದು ಮುಂಗಾರಿನ ಅಬ್ಬರದಲ್ಲಿ ಅಲ್ಲ. ಕೆರೆ ತುಂಬಿ ನಿಂತು, ಇನ್ನು ಭಯವಿಲ್ಲವೆಂದು ಜನ ನಿಶ್ಚಿಂತರಾಗಿದ್ದ ಹಿಂಗಾರಿನಲ್ಲಿ. ನಮ್ಮ ಕಡೆ ಕೋಡಿಗೆ ಹಲಗೆ ಏರಿಸಿ, ಮರಳಿನ ಚೀಲ ಪೇರಿಸಿ ಎರಡಡಿ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುವುದೂ ಇದೇ ಅಕ್ಟೋಬರ್‌ನಲ್ಲಿ. ಹೂವಿಗೆ ನೀರು ಬೇಕಲ್ಲ! ಆಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಒಂದು ರಾತ್ರಿ ನಾಲ್ಕು ಇಂಚು ಮಳೆ ಸುರಿದರೆ ಆ ಚೀಲಗಳನ್ನು ಕತ್ತಲಲ್ಲಿ ತೆಗೆಯುವವರು ಯಾರು?

ವಿಹಾರಕ್ಕೆಂದು ಇಟ್ಟುಕೊಂಡ ಕೆರೆಯ ದಂಡೆಯನ್ನು ಹೇಗೆ ನೋಡಿಕೊಳ್ಳಬಾರದು ಎಂಬುದಕ್ಕೆ ಜಗತ್ತಿನಲ್ಲೇ ಪ್ರಸಿದ್ಧವಾದ ಪ್ರಕರಣ ಅಮೆರಿಕದ ಪೆನ್ಸಿಲ್ವೇನಿಯಾದ್ದು. ಜಾನ್ಸ್‌ಟೌನ್ ಎಂಬ ಊರಿನಿಂದ 14 ಮೈಲಿ ಮೇಲ್ಗಡೆ, ಕಾಲುವೆಗೆ ನೀರೊದಗಿಸಲು ಕಟ್ಟಿದ್ದ 72 ಅಡಿ ಎತ್ತರದ ಹಳೆಯ ಮಣ್ಣಿನ ಕಟ್ಟೆಯೊಂದಿತ್ತು. ಅದನ್ನು ಶ್ರೀಮಂತರ ಒಂದು ಕ್ಲಬ್ಬು ಮೀನು ಹಿಡಿಯಲು, ದೋಣಿಯಾಟ ಆಡಲು ಕೊಂಡುಕೊಂಡಿತು. ಕಾರ್ನೆಗಿ, ಫ್ರಿಕ್‌ರಂಥ ಉಕ್ಕಿನ ದೊರೆಗಳು ಅದರ ಸದಸ್ಯರು. ತಳದಿಂದ ನೀರು ಬಿಡುವ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕನೇ ಕಿತ್ತು ಮಾರಿಬಿಟ್ಟಿದ್ದ, ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಎರಡು ಸಾರೋಟು ಎದುರುಬದುರಾಗಿ ಹೋಗಲೆಂದು ಏರಿಯ ನೆತ್ತಿಯನ್ನು ತಗ್ಗಿಸಿ ರಸ್ತೆ ಅಗಲಿಸಿದರು. ದುಡ್ಡು ಕೊಟ್ಟು ತಂದ ಮೀನು ಕೋಡಿಯಲ್ಲಿ ಹರಿದುಹೋಗದಿರಲೆಂದು ಅಡ್ಡಲಾಗಿ ಜಾಲರಿ ಬಿಗಿದರು. 1889ರ ಮೇ 31ರಂದು ಮಳೆ ಬಂತು. ಕಸಕಡ್ಡಿ ಜಾಲರಿಗೆ ಸಿಕ್ಕಿ ಕೋಡಿ ಕಟ್ಟಿತು, ನೀರು ಏರಿಯ ನಡುವಿನ ತಗ್ಗನ್ನು ದಾಟಿ ಹರಿಯಿತು, ಕಟ್ಟೆ ಹೋಯಿತು. ಸತ್ತವರು 2,209 ಜನ. ಏರಿ ತಗ್ಗಿಸಿದ್ದು, ಕೋಡಿಗೆ ಅಡ್ಡ ಹಾಕಿದ್ದು, ತೂಬು ಇಲ್ಲದ್ದು, ಈ ಮೂರರಲ್ಲಿ ಒಂದಾದರೂ ನಮ್ಮ ತೋಟಗಳ ಕೆರೆಗಳಲ್ಲಿ ಇಲ್ಲವೆಂದು ಎಷ್ಟು ಜನ ಎದೆ ತಟ್ಟಿ ಹೇಳಬಲ್ಲರು? ಮೀನು ಬಿಟ್ಟಿರುವವರ ಕೋಡಿಯಲ್ಲಂತೂ ಬಲೆ ಕಟ್ಟಿರುವುದನ್ನು ನಾವೇ ಕಂಡಿದ್ದೇವೆ.

ಸರ್ಕಾರ ನೋಡಿಕೊಳ್ಳುತ್ತದೆ ಎಂಬ ಭರವಸೆಯನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಅಣೆಕಟ್ಟೆ ಸುರಕ್ಷತಾ ಕಾಯಿದೆಯನ್ನು ತಂದಿದೆ, ಒಳ್ಳೆಯ ಕಾಯಿದೆಯೇ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯ. 10ರಿಂದ 15 ಮೀಟರಿನವಾದರೆ 500 ಮೀಟರ್ ಉದ್ದವೋ, ಹತ್ತು ಲಕ್ಷ ಘನಮೀಟರ್ ನೀರಿನ ಸಂಗ್ರಹವೋ, ಅಂಥ ಯಾವುದಾದರೊಂದು ಲಕ್ಷಣ ಇರಬೇಕು. ಹತ್ತು ಮೀಟರ್ ಎಂದರೆ 33 ಅಡಿ. ನಮ್ಮ ತೋಟದ ಏರಿಗಳು ಆ ಎತ್ತರದ ಹತ್ತಿರಕ್ಕೂ ಹೋಗುವುದಿಲ್ಲ, ಆದ್ದರಿಂದ ಆ ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲ. ಸಾರ್ವಜನಿಕ ಕೆರೆಗಳ ವಿಷಯದಲ್ಲಾದರೋ, ಯಾವ ಕೆರೆ ಯಾವ ಇಲಾಖೆಗೆ ಸೇರಿದ್ದೆಂಬುದು ಬದಲಾಗುತ್ತಲೇ ಇರುತ್ತದೆ. ಬೆಂಗಳೂರಿನ ಮಹಾನಗರ ಪಾಲಿಕೆಯೇ 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಕಡತ ಹಂಚಿಕೆಯಾದಂತೆ ಕೋಡಿಯ ಜವಾಬ್ದಾರಿಯೂ ಹಂಚಿಕೆಯಾಯಿತೇ ಎಂದು ಪುಲಿಕೇಶಿನಗರದ ನಮ್ಮ ಬಂಧುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೋಟದೊಳಗಿನ ಕೆರೆಗೆ ಈ ತಕರಾರೇ ಇಲ್ಲ, ಅದರ ಜವಾಬ್ದಾರಿ ಪಹಣಿಯಲ್ಲಿ ಹೆಸರಿರುವವನದು.

"ನಮ್ಮದು ಎಷ್ಟು ಮಹಾ ಕೆರೆ ಮಾರಾಯ್ರೆ" ಎನ್ನುವ ಸದಸ್ಯರಿಗೆ ಒಂದು ಲೆಕ್ಕ ಹೇಳುತ್ತೇವೆ. ಒಂದು ಎಕರೆ ಹರವು, ಸರಾಸರಿ ಹತ್ತಡಿ ಆಳ ಎಂದಿಟ್ಟುಕೊಳ್ಳಿ. ಅದರಲ್ಲಿರುವ ನೀರು ಸುಮಾರು 1 ಕೋಟಿ 23 ಲಕ್ಷ ಲೀಟರ್, ತೂಕದಲ್ಲಿ 12,000 ಟನ್ನಿಗೂ ಮೇಲೆ. ಹತ್ತು ಟನ್ನಿನ ಲಾರಿಗಳಾದರೆ ಸಾವಿರದ ಇನ್ನೂರಕ್ಕೂ ಮಿಕ್ಕಿ. ಇಷ್ಟು ಭಾರ ಒಂದು ಗಂಟೆಯೊಳಗೆ ಇಳಿಜಾರಿನಲ್ಲಿ ಇಳಿದರೆ ಎದುರಿಗೆ ಸಿಗುವುದೇನು? ಮೊದಲು ಅಡಿಕೆ ತೋಟ, ಆಮೇಲೆ ಗದ್ದೆ, ಎಷ್ಟೋ ಕಡೆ ಇವೆರಡರ ನಡುವೆ ಲೈನ್ ಮನೆಗಳು. ನೀರಿಗೆ ಹತ್ತಿರವೆಂದು ಲೈನನ್ನು ಏರಿಯ ಕೆಳಗೇ ಕಟ್ಟಿರುವ ತೋಟಗಳನ್ನು ಬೆರಳು ಮಡಿಚಿ ಎಣಿಸಬಹುದು, ಎರಡೂ ಕೈ ಬೇಕಾಗುತ್ತದೆ. ಕೊಚ್ಚಿಹೋದ ಅಡಿಕೆ ಸಸಿಯನ್ನು ಮತ್ತೆ ನೆಡಬಹುದು.

ಏರಿಯ ಪ್ರಾಣ ಇರುವುದು ಕೋಡಿಯಲ್ಲಿ. ಇಪ್ಪತ್ತು ಎಕರೆ ಇಳುಕಲಿನ ನೀರು ಒಂದು ಕೆರೆಗೆ ಬರುತ್ತದೆನ್ನಿ. ಗಂಟೆಗೆ ಎರಡು ಇಂಚು ಮಳೆ ನಮ್ಮಲ್ಲಿ ಅಪರೂಪವಲ್ಲ. ಅದರಲ್ಲಿ ಮುಕ್ಕಾಲು ಪಾಲು ಹರಿದು ಬಂದರೂ ಗಂಟೆಗೆ 30 ಲಕ್ಷ ಲೀಟರ್, ಸೆಕೆಂಡಿಗೆ 850 ಲೀಟರ್. ಇದನ್ನು ಒಂದಡಿ ಆಳದಲ್ಲಿ ಹರಿಸಿ ಕಳಿಸಬೇಕಾದರೆ ಕೋಡಿ ಹತ್ತಡಿ ಅಗಲವಾದರೂ ಇರಬೇಕು. ಈಗ ಬಹಳ ಜನ ಮಾಡುವುದೇನೆಂದರೆ, ಏರಿಯ ಮೇಲೆ ಜೀಪು ಹೋಗಲು ಅನುಕೂಲವಾಗಲೆಂದು ತೆರೆದ ಕೋಡಿಯನ್ನು ಮುಚ್ಚಿ ಒಂಬತ್ತು ಇಂಚಿನ ಸಿಮೆಂಟು ಪೈಪು ಹೂಳುವುದು. ಆ ಪೈಪು ಸೆಕೆಂಡಿಗೆ ನೂರು ಲೀಟರಿನ ಆಸುಪಾಸು ನೀರು ಬಿಡಬಲ್ಲುದು, ಒಂದು ಸಿಲ್ವರ್ ಓಕ್ ಕೊಂಬೆ ಸಿಕ್ಕಿಕೊಳ್ಳದಿದ್ದರೆ. ಉಳಿದ 750 ಲೀಟರ್ ಏರಿಯ ಮೇಲೆಯೇ ಹರಿಯಬೇಕು. ಮಣ್ಣಿನ ಏರಿ ತನ್ನ ನೆತ್ತಿಯ ಮೇಲೆ ನೀರು ಹರಿಯುವುದನ್ನು ಬಹಳ ಹೊತ್ತು ತಾಳುವುದಿಲ್ಲ. ಕೋಡಿಯ ಮಟ್ಟಕ್ಕಿಂತ ಏರಿಯ ನೆತ್ತಿ ಮೂರಡಿ ಮೇಲಿದ್ದರೆ ನೆಮ್ಮದಿ. ಎರಡಡಿಗಿಂತ ಕಡಿಮೆಯಿದ್ದರೆ ಈ ಬೇಸಗೆಯಲ್ಲೇ ಮಣ್ಣು ಹಾಕಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ಏರಿಯ ಮೈ. ಹಿಂದಿನವರು ಆರೇಳು ಇಂಚು ಮಣ್ಣು ಹಾಸಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಅದರ ಮೇಲೆ ಮತ್ತೊಂದು ಪದರ ಹಾಕುತ್ತಿದ್ದರು. ಒಂದು ಏರಿಗೆ ಎರಡು ಬೇಸಗೆ ಹಿಡಿಯುತ್ತಿತ್ತು. ಈಗ ಹಿಟಾಚಿ ತಂದು ನಾಲ್ಕು ದಿನದಲ್ಲಿ ಗುಡ್ಡೆ ಹಾಕಿ, ಮೇಲೆ ಮಟ್ಟ ಮಾಡಿ, ಕೆರೆಯಾಯಿತು ಎನ್ನುತ್ತೇವೆ. ಅಜ್ಜನ ಕಾಲದ ಏರಿ ಎಪ್ಪತ್ತು ವರ್ಷ ನಿಂತಿತೆಂಬ ವಾದವನ್ನು ಈ ಹೊಸ ಗುಡ್ಡೆಗೆ ಅನ್ವಯಿಸುವಂತಿಲ್ಲ. ಅಜ್ಜನ ಏರಿಗೂ ಈಗ ಹೂಳು ತುಂಬಿದೆ. ಮೊದಲು ಹತ್ತು ದಿನದ ಮಳೆಗೆ ತುಂಬುತ್ತಿದ್ದದ್ದು ಮೂರೇ ದಿನಕ್ಕೆ ಕೋಡಿ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ಕಂಡವರಿಗೆ ಅಜ್ಜನ ಕಾಲದ ಮಳೆಯೇ ಇಂದಿಗೂ ಅಳತೆಗೋಲೆಂದು ಹೇಳುವ ಧೈರ್ಯ ಬಾರದು.

ಏರಿಯ ಹಿಂಬದಿಯ ಬುಡದಲ್ಲಿ ನೀರು ಜಿನುಗುವುದು ಸಹಜ. ಅದು ತಿಳಿಯಾಗಿದ್ದು, ವರ್ಷದಿಂದ ವರ್ಷಕ್ಕೆ ಅಷ್ಟೇ ಇದ್ದರೆ ಕಣ್ಣಿಟ್ಟಿದ್ದರೆ ಸಾಕು. ಬಣ್ಣ ಕಲಕಿ ಕೆಂಪಾದರೆ ಒಳಗಿನ ಮಣ್ಣು ಹೊರಬರುತ್ತಿದೆ ಎಂದರ್ಥ. ಆಗ ಮಾಡಬೇಕಾದ ಕೆಲಸ ಮೊದಲು ಕೆಳಗಿನ ಮನೆಗಳವರನ್ನು ಎಬ್ಬಿಸುವುದು, ಆಮೇಲೆ ಕೆರೆಯ ನೀರು ಇಳಿಸುವುದು. ಏಡಿ, ಹೆಗ್ಗಣ, ಮುಳ್ಳುಹಂದಿಯ ಬಿಲಗಳನ್ನು ಲಘುವಾಗಿ ಕಾಣಬಾರದು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಇಂಥ ಒಂದು ಚಿಕ್ಕ ಕಟ್ಟೆ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಕೊಂಕಣದ ಆ ಮಳೆಯೂ ನಮ್ಮದೇ ಪಶ್ಚಿಮ ಘಟ್ಟದ ಮಳೆ. ಏಡಿಗಳು ಕೊರೆದದ್ದೇ ಕಾರಣವೆಂದು ಅಲ್ಲಿನ ಮಂತ್ರಿಯೊಬ್ಬರು ಹೇಳಿ ದೇಶದ ನಗೆಗೆ ಗುರಿಯಾದರು. ನೀರು ಸೋರುತ್ತಿದೆಯೆಂದು ಹಳ್ಳಿಯವರು ಮೊದಲೇ ದೂರಿದ್ದರು. ಏಡಿ ಬಿಲ ಕೊರೆಯುತ್ತದೆ ನಿಜ, ಬಿಲ ಮುಚ್ಚಬೇಕಾದವರು ಏಡಿಗಳಲ್ಲವಷ್ಟೆ.

ಏರಿಯ ಮೇಲೆ ಚೆಂದಕ್ಕೆಂದು ತೆಂಗು, ಸಿಲ್ವರ್ ಓಕ್ ನೆಡುವುದೂ ಬೇಡ. ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ತುಂಡೂ ಜತೆಯಲ್ಲೇ ಹೋಗುತ್ತದೆ. ಕಡಿದರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಗರಿಕೆ, ಲಾವಂಚ ಸಾಕು. ಬೆಂಚನ್ನು ಏರಿಯ ತುದಿಯಲ್ಲಿರುವ ಗಟ್ಟಿ ನೆಲದ ಮೇಲೆ ಹಾಕಿದರೆ ಅತಿಥಿಗಳಿಗೆ ನೋಟ ಏನೂ ಕಡಿಮೆಯಾಗದು. ಮಾರ್ಚ್‌ನಲ್ಲಿ ಎರಡು ಡೀಸೆಲ್ ಪಂಪು ಹೂಡಿ ವಾರದೊಳಗೆ ಕೆರೆ ಬರಿದು ಮಾಡುವವರು ಒಳಮೈಯ ಒದ್ದೆ ಮಣ್ಣು ಕುಸಿಯದಂತೆ ಸ್ವಲ್ಪ ಸಾವಕಾಶ ಮಾಡುವುದು ಒಳ್ಳೆಯದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಕೆಲವರಿಗೆ ನೀರಿಗಿಂತ ಕೋರ್ಟಿನ ಭಯವೇ ಹೆಚ್ಚು. ಇಂಗ್ಲೆಂಡಿನಲ್ಲಿ ಗಿರಣಿಯೊಂದರ ಮಾಲೀಕ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲ ಗಣಿಗೆ ನುಗ್ಗಿತು. ಮಾಲೀಕನದು ಅಜಾಗರೂಕತೆಯೇ ಅಲ್ಲವಾದರೂ, ಅಪಾಯಕರ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು ಅದು ತಪ್ಪಿಸಿಕೊಂಡು ಮಾಡಿದ ನಷ್ಟಕ್ಕೆ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯೆಂದು ಕಾನೂನು ಓದಿದವರಿಗೆಲ್ಲ ಗೊತ್ತು. ಆರು ವರ್ಷಗಳ ನಂತರ, 1874ರಲ್ಲಿ, ನಮ್ಮ ನೆರೆಯ ಚಿತ್ತೂರು ಸೀಮೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಹಾಳಾದ ದಾವೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. ಈ ದೇಶದಲ್ಲಿ ಪುರಾತನ ಕಾಲದಿಂದ ಬೇಸಾಯಕ್ಕೆ ಕೆರೆ ಕಾಯ್ದುಕೊಂಡು ಬರುವುದು ಜನಹಿತದ ಕರ್ತವ್ಯ, ಅಜಾಗರೂಕತೆ ಸಾಬೀತಾಗದೆ ಹೊಣೆ ಹೊರಿಸುವಂತಿಲ್ಲ ಎಂದು ಅಲ್ಲಿ ನಿರ್ಣಯವಾಯಿತು. ಊರ ಕೆರೆಗೆ ಸಿಕ್ಕಿದ ಈ ಆಶ್ರಯ ಪೆಡಲ್ ದೋಣಿಯ ಕೆರೆಗೆ ಸಿಗುತ್ತದೆಯೇ? ವಕೀಲರು ವಾದಿಸಲಿ, ನಮಗೆ ಅನುಮಾನವುಂಟು. ಕೋಡಿಗೆ ಕಲ್ಲು ಪೇರಿಸಿದ್ದನ್ನು ಜಾಗರೂಕತೆ ಎಂದು ಯಾವ ನ್ಯಾಯಾಧೀಶರೂ ಒಪ್ಪಲಾರರು.

ಹಿಂದೆ ಊರ ಕೆರೆಗಳಿಗೆ ನೀರಗಂಟಿ ಎಂಬವನಿದ್ದ. ತೂಬು ಎತ್ತುವುದು, ಇಳಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡುವುದು ಅವನ ಕೆಲಸ. ಅದಕ್ಕಾಗಿ ಅವನಿಗೆ ಇನಾಮು ಭೂಮಿಯೋ ಬೆಳೆಯಲ್ಲಿ ಪಾಲೋ ಸಲ್ಲುತ್ತಿತ್ತು. ಅದಕ್ಕೂ ಹಿಂದಿನ ಶಾಸನಗಳಲ್ಲಿ ಕೆರೆಯ ನಿರ್ವಹಣೆಗೆಂದೇ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ಉಲ್ಲೇಖ ಎಷ್ಟೋ ಕಡೆ ಸಿಗುತ್ತದೆ. ಕೆರೆ ಕಟ್ಟಿಸಿದವನು ಅದರ ರಿಪೇರಿಗೂ ನೆಲ ಬಿಟ್ಟು ಹೋಗುತ್ತಿದ್ದ ಎಂಬುದನ್ನು ಉದ್ಘಾಟನೆಯ ಫಲಕ ಹಾಕಿಸಿ ಕೈತೊಳೆದುಕೊಳ್ಳುವ ನಮ್ಮ ಕಾಲದವರು ನೆನೆಯಬೇಕು. ಪ್ರತಿಯೊಂದು ತೋಟಕ್ಕೂ ಒಬ್ಬ ನೀರಗಂಟಿಯನ್ನು ಇಟ್ಟುಕೊಳ್ಳುವ ಶಕ್ತಿ ಐದು ಹತ್ತು ಎಕರೆಯ ಸದಸ್ಯರಿಗಿಲ್ಲ. ಹತ್ತು ಹದಿನೈದು ತೋಟಗಳಿಗೆ ಸೇರಿ ಒಬ್ಬನನ್ನು ಇಟ್ಟುಕೊಳ್ಳಬಹುದು. ಸಹಕಾರ ಸಂಘ ಎಂಬುದು ಇರುವುದು ಇಂಥದ್ದಕ್ಕೇ.

ಈ ಬಗ್ಗೆ ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಒಂದು ಸಲಹೆಯನ್ನು ಮಂಡಿಸುತ್ತಿದ್ದೇವೆ. ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಹಾಗೂ ಹಲಗೆ ಏರಿಸುವ ಮೊದಲು ಅಕ್ಟೋಬರ್‌ನಲ್ಲಿ, ಅನುಭವಸ್ಥ ಸದಸ್ಯರಿಬ್ಬರು ಮತ್ತು ಸಾಧ್ಯವಾದರೆ ನಿವೃತ್ತ ಎಂಜಿನಿಯರೊಬ್ಬರು ಸಂಘದ ಜೀಪಿನಲ್ಲಿ ಸದಸ್ಯರ ಕೆರೆಗಳನ್ನು ನೋಡಿಕೊಂಡು ಬರುವುದು. ದಂಡ ಹಾಕುವ, ವರದಿಯನ್ನು ಇಲಾಖೆಗೆ ಕಳಿಸುವ ಉದ್ದೇಶ ಯಾವುದೂ ಇಲ್ಲ. ಕಂಡದ್ದನ್ನು ಮಾಲೀಕರಿಗೆ ಬರೆದುಕೊಡುವುದಷ್ಟೆ. ಇದಕ್ಕೆ ಬೇಕಾದ ಫಾರಂ ಗೊಬ್ಬರದ ಡಿಪೋದಲ್ಲೂ ಕಛೇರಿಯಲ್ಲೂ ಸಿಗುತ್ತದೆ. ಕೆರೆಯ ಹರವು, ಕೋಡಿಯ ಅಗಲ, ತೂಬು ಉಂಟೋ ಇಲ್ಲವೋ, ಏರಿಯ ಕೆಳಗೆ ಎಷ್ಟು ಮನೆ, ಎಷ್ಟು ಜನ, ಇಷ್ಟೇ ಪ್ರಶ್ನೆ. ಕೊನೆಯ ಅಂಕಣವನ್ನು ಸದಸ್ಯರು ದಯವಿಟ್ಟು ಖಾಲಿ ಬಿಡಬಾರದು. ಲೈನಿನಲ್ಲಿರುವವರ ಪೈಕಿ ಹೊರ ಊರಿನಿಂದ ಬಂದು ಮೂರು ತಿಂಗಳು ಮಾತ್ರ ಇರುವವರನ್ನೂ, ಮಕ್ಕಳನ್ನೂ ಎಣಿಸಿಯೇ ಬರೆಯಬೇಕು.